ತಪ್ಪು ಮಿನೆಸ್ಟ್ರೋನೆಯದಲ್ಲ!

ಅದು 1855ರ ಬೇಸಿಗೆ. ಇಟಲಿಯ ಪಶ್ಚಿಮ ಕರಾವಳಿಯ ಲಿವೋರ್ನೊ ಪಟ್ಟಣಕ್ಕೆ ಸಮುದ್ರಸ್ನಾನಕ್ಕೆಂದು ಜನ ಬಂದು ಸೇರುವ ಕಾಲ. ಮೂವತ್ತೈದರ ಆಸುಪಾಸಿನ ವ್ಯಾಪಾರಿಯೊಬ್ಬ ಅಲ್ಲಿನ ಊಟದ ಮನೆಯೊಂದಕ್ಕೆ ಹೋದ. ಆ ದಿನದ ಸೂಪ್ ಮಿನೆಸ್ಟ್ರೋನೆ ಎಂದು ತಿಳಿದು ಖುಷಿಯಾಯಿತು. ಹೊಟ್ಟೆ ತುಂಬ ಉಂಡು, ಊರು ಅಡ್ಡಾಡಿ, ದೊಮೆನಿಚಿ ಎಂಬಾತನ ಮನೆಯಲ್ಲಿ ಬಾಡಿಗೆಗೆ ಹಿಡಿದಿದ್ದ ಕೋಣೆಯಲ್ಲಿ ಮಲಗಿದ.

ನಡುರಾತ್ರಿ ಹೊಟ್ಟೆಯಲ್ಲಿ ತಳಮಳ ಶುರುವಾಯಿತು. ಬೆಳಗಿನವರೆಗೂ ಶೌಚಾಲಯಕ್ಕೆ ಓಡಾಡುವುದೇ ಆಯಿತು. ಓಡಾಡಿದಷ್ಟು ಸಲವೂ ಆತ ಮಿನೆಸ್ಟ್ರೋನೆಯನ್ನು ಶಪಿಸಿದ. ಇನ್ನೆಂದೂ ಅದನ್ನು ಮುಟ್ಟುವುದಿಲ್ಲ ಎಂದುಕೊಂಡು, ಬೆಳಗಿನ ಮೊದಲ ರೈಲು ಹಿಡಿದು ಫ್ಲಾರೆನ್ಸ್‌ಗೆ ಮರಳಿದ. ಅಲ್ಲಿ ಚೇತರಿಸಿಕೊಳ್ಳುತ್ತಿರುವಾಗಲೇ ಸುದ್ದಿ ಬಂತು: ಲಿವೋರ್ನೊದಲ್ಲಿ ಕಾಲರಾ ಕಾಣಿಸಿಕೊಂಡಿದೆ. ಮೊದಲು ಅದಕ್ಕೆ ತುತ್ತಾದವನು ಮನೆಯೊಡೆಯ ದೊಮೆನಿಚಿ!

ಆ ವ್ಯಾಪಾರಿಯ ಹೆಸರು ಪೆಲೆಗ್ರಿನೊ ಅರ್ತುಸಿ. ರೇಷ್ಮೆ ವ್ಯಾಪಾರದಲ್ಲಿ ಹಣ ಮಾಡಿದ ಈತ ಮುಂದೆ, ಎಪ್ಪತ್ತೊಂದನೆಯ ವಯಸ್ಸಿನಲ್ಲಿ, ಅಡುಗೆಯ ವಿಜ್ಞಾನ ಮತ್ತು ಚೆನ್ನಾಗಿ ಉಣ್ಣುವ ಕಲೆಯ ಕುರಿತು ದೊಡ್ಡ ಪುಸ್ತಕವೊಂದನ್ನು ಬರೆದ. ಪ್ರಕಾಶಕರು ಮುಂದೆ ಬರದಿದ್ದಾಗ 1891ರಲ್ಲಿ ಸ್ವಂತ ಖರ್ಚಿನಲ್ಲೇ ಅಚ್ಚು ಹಾಕಿಸಿದ. 1861ರಲ್ಲಿ ರಾಜಕೀಯವಾಗಿ ಒಂದಾಗಿದ್ದ ಇಟಲಿಯನ್ನು ಊಟದ ಮೇಜಿನಲ್ಲಿ ಒಂದುಗೂಡಿಸಿದ ಪುಸ್ತಕ ಎಂಬ ಕೀರ್ತಿ ಅದಕ್ಕಿದೆ. ಮಿನೆಸ್ಟ್ರೋನೆಯನ್ನು ಮಾಡುವ ಬಗೆಯನ್ನು ಹೇಳುವಾಗ ಅರ್ತುಸಿ ಈ ಹಳೆಯ ಕತೆಯನ್ನೂ ಬರೆದು, ತಾನು ಹೊರಿಸಿದ್ದ ಸುಳ್ಳು ಆರೋಪದಿಂದ ಸೂಪನ್ನು ಬಿಡುಗಡೆ ಮಾಡಿದ್ದಾನೆ.

ಕಾಲರಾಕ್ಕೆ ಕಾರಣವಾದ ರೋಗಾಣುವನ್ನು ಫ್ಲಾರೆನ್ಸಿನ ಫಿಲಿಪ್ಪೊ ಪಾಚಿನಿ ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದ್ದು 1854ರಲ್ಲಿ, ಅಂದರೆ ಈ ಘಟನೆಗೆ ಒಂದೇ ವರ್ಷ ಮೊದಲು. ಆತನ ಮಾತಿಗೆ ಆಗ ಯಾರೂ ಕಿವಿಗೊಡಲಿಲ್ಲ. ಹೊಟ್ಟೆ ಕೆಟ್ಟರೆ ಹಿಂದಿನ ಊಟವನ್ನು ಬೈಯುವುದು ಎಲ್ಲ ಕಾಲದ ರೂಢಿ. ಆದರೆ ಕಾರಣ ಯಾವುದೆಂದು ತಿಳಿದು ಬೈಯುವುದು ಒಳ್ಳೆಯದು. ಏಕೆಂದರೆ ಮಿನೆಸ್ಟ್ರೋನೆಯ ಪಾತ್ರೆಯಲ್ಲಿ ನಿಜವಾದ ಅಪಾಯವೂ ಒಂದು ಅಡಗಿದೆ. ಅದನ್ನು ಅರಿತವರಿಗೆ ಇಷ್ಟು ಅಗ್ಗದ, ಇಷ್ಟು ತುಂಬಿದ ಊಟ ಮತ್ತೊಂದು ಸಿಗುವುದು ಕಷ್ಟ.

ಬಡಿಸುವ ಸೂಪು

ಇಟಾಲಿಯನ್ ಭಾಷೆಯಲ್ಲಿ ‘ಮಿನೆಸ್ತ್ರಾ’ ಎಂದರೆ ಸೂಪು. ‘ಬಡಿಸು, ಸೇವೆ ಮಾಡು’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು. ನಮ್ಮ ನಾಲಗೆಯ ಮೇಲೂ ಓಡಾಡುವ ‘ಮಿನಿಸ್ಟರ್’ ಎಂಬ ಪದವೂ ಅದೇ ಬಳಗದ್ದು. ಮೂಲದಲ್ಲಿ ಅದಕ್ಕೆ ಸೇವಕ ಎಂದೇ ಅರ್ಥ. ಮಿನೆಸ್ತ್ರಾದ ಕೊನೆಗೆ ‘ಓನೆ’ ಸೇರಿದರೆ ದೊಡ್ಡದು ಎಂದಾಗುತ್ತದೆ. ಹಾಗೆ ಮಿನೆಸ್ಟ್ರೋನೆ ಎಂದರೆ ‘ದೊಡ್ಡ ಸೂಪು’. ಊಟಕ್ಕೆ ಮುಂಚೆ ಗುಟುಕರಿಸುವ ತಿಳಿಯಲ್ಲ. ಅದೇ ಒಂದು ಊಟ.

ಇದಕ್ಕೆ ಒಂದೇ ಒಂದು ಸರಿಯಾದ ಪಾಕವಿಲ್ಲ. ಮಿಲಾನಿನ ಕಡೆ ಅಕ್ಕಿ ಹಾಕುತ್ತಾರೆ. ಜಿನೋವಾದವರು ತುಳಸಿಯ ಜಾತಿಯ ಬೇಸಿಲ್ ಎಲೆ, ಬೆಳ್ಳುಳ್ಳಿ, ಪೈನ್ ಬೀಜ, ಗಿಣ್ಣು, ಆಲಿವ್ ಎಣ್ಣೆ ಸೇರಿಸಿ ಅರೆದ ‘ಪೆಸ್ತೊ’ ಎಂಬ ಹಸಿರು ಚಟ್ನಿಯನ್ನು ಕೊನೆಯಲ್ಲಿ ಬೆರೆಸುತ್ತಾರೆ. ಟಸ್ಕನಿಯ ರೈತರು ಒಣಗಿದ ಬ್ರೆಡ್ಡಿನ ಚೂರು ಹಾಕುತ್ತಾರೆ. ಹಿತ್ತಲಲ್ಲಿ ಯಾವ ತರಕಾರಿ ಬೆಳೆದಿತ್ತೋ ಅದು ಪಾತ್ರೆಗೆ ಬಿತ್ತು. ಬಡವರ ಮನೆಯಲ್ಲಿ ಏನನ್ನೂ ಎಸೆಯುವಂತಿರಲಿಲ್ಲ. ಎಲ್ಲ ಪ್ರಾಂತಗಳಲ್ಲೂ ಹೆಚ್ಚಾಗಿ ಬಿಡದೆ ಬರುವ ವಸ್ತು ಒಂದೇ: ಕಾಳು.

ಅಲಸಂದೆಯಿಂದ ರಾಜ್ಮಾವರೆಗೆ

ರೋಮಿನ ಕೊಲೊನ್ನಾ ಅರಮನೆಯಲ್ಲಿ ಅನ್ನಿಬಾಲೆ ಕರಾಚ್ಚಿ ಎಂಬ ಕಲಾವಿದ 1580ರ ದಶಕದಲ್ಲಿ ಬರೆದ ಪ್ರಸಿದ್ಧ ಚಿತ್ರವೊಂದಿದೆ. ಹ್ಯಾಟು ತೊಟ್ಟ ಹಳ್ಳಿಗನೊಬ್ಬ ಬಟ್ಟಲಿನ ಕಾಳನ್ನು ಚಮಚದಲ್ಲಿ ಬಾಯಿಗೆ ಒಯ್ಯುತ್ತಿದ್ದಾನೆ. ಯಾರೋ ಬಂದಂತಾಗಿ ತಲೆ ಎತ್ತಿದ್ದಾನೆ. ಚಮಚದಿಂದ ರಸ ತೊಟ್ಟಿಕ್ಕುತ್ತಿದೆ. ಮುಂದೆ ಬ್ರೆಡ್ಡು, ಈರುಳ್ಳಿ. ಬಟ್ಟಲಿನಲ್ಲಿರುವ ಬಿಳಿ ಕಾಳಿಗೆ ಕಪ್ಪು ಕಣ್ಣಿದೆ. ಕನ್ನಡ ಓದುಗರು ಅದನ್ನು ನೋಡಿದೊಡನೆ ಗುರುತಿಸುತ್ತಾರೆ: ಅಲಸಂದೆ!

ಆಶ್ಚರ್ಯಪಡಬೇಕಿಲ್ಲ. ಆಫ್ರಿಕ ಮೂಲದ ಅಲಸಂದೆ ಯುರೋಪಿಗೂ ಭಾರತಕ್ಕೂ ಬಹಳ ಹಿಂದೆಯೇ ಬಂದಿತ್ತು. ಇಂದು ಇಟಲಿಯ ಸೂಪಿನಲ್ಲಿ ಬೀಳುವ ಬಿಳಿಯ ‘ಕನ್ನೆಲ್ಲೀನಿ’, ಚುಕ್ಕೆಯ ‘ಬೊರ್ಲೊತ್ತಿ’, ನಾವು ತಿನ್ನುವ ರಾಜ್ಮಾ ಮತ್ತು ಹುರುಳಿಕಾಯಿ ಎಲ್ಲವೂ ಅಮೆರಿಕ ಖಂಡದ ಒಂದೇ ಸಸ್ಯದ ತಳಿಗಳು. 1492ರಲ್ಲಿ ಕೊಲಂಬಸ್ ಹಡಗು ಅಲ್ಲಿಗೆ ಮುಟ್ಟಿದ ನಂತರವೇ ಇವು ಹೊರಜಗತ್ತಿಗೆ ಬಂದವು. ಟೊಮೆಟೊ, ಆಲೂಗೆಡ್ಡೆಗಳ ಕತೆಯೂ ಅದೇ. ಅಪ್ಪಟ ಇಟಾಲಿಯನ್ ಎನಿಸುವ ಸೂಪಿನಲ್ಲಿ ಅರ್ಧ ಪಾಲು ಹೊರಗಿನಿಂದ ಬಂದದ್ದು. ನಮ್ಮ ಹುಳಿ, ಪಲ್ಯಗಳ ಹಾಗೆಯೇ.

ಕಾಳನ್ನು ಇಟಲಿಯಲ್ಲಿ ‘ಬಡವರ ಮಾಂಸ’ ಎನ್ನುತ್ತಿದ್ದರು. ಅದರಲ್ಲಿ ವಿಜ್ಞಾನವೂ ಇದೆ. ಧಾನ್ಯಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಕಾಳಿನಲ್ಲಿ ಅದು ಹೆಚ್ಚು. ಕಾಳಿನಲ್ಲಿ ಮಿಥಿಯೋನಿನ್ ಕಡಿಮೆ. ಧಾನ್ಯದಲ್ಲಿ ಅದು ಸಿಗುತ್ತದೆ. ಎರಡೂ ಒಟ್ಟಾದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಅನ್ನ-ಬೇಳೆ ಉಣ್ಣುವ ನಮ್ಮ ಹಿರಿಯರಂತೆ, ಕಾಳು-ಬ್ರೆಡ್ಡು ತಿನ್ನುತ್ತಿದ್ದ ಟಸ್ಕನಿಯ ರೈತನೂ ಇದನ್ನು ಪುಸ್ತಕ ಓದಿ ಕಲಿತದ್ದಲ್ಲ.

ಪಾತ್ರೆಯೊಳಗಿನ ನಿಜವಾದ ಅಪಾಯ

ಈಗ ಎಚ್ಚರಿಕೆಯ ಮಾತು. ರಾಜ್ಮಾದಂಥ ಕಾಳುಗಳಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷವಸ್ತುವಿದೆ. ಕೆಂಪು ರಾಜ್ಮಾದಲ್ಲಿ ಅದು ಅತಿ ಹೆಚ್ಚು. ಬಿಳಿಯದರಲ್ಲಿ ಸುಮಾರು ಮೂರನೆಯ ಒಂದರಷ್ಟು. ನಾಲ್ಕೈದು ಹಸಿ ಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ಹೊಟ್ಟೆ ತೊಳಸಿ, ವಿಪರೀತ ವಾಂತಿ, ನಂತರ ಭೇದಿ ಆಗಬಹುದು. 1976ರಲ್ಲಿ ಬ್ರಿಟನ್ನಿನಲ್ಲಿ ರಜೆಗೆ ಹೋಗಿದ್ದ ಶಾಲಾ ಹುಡುಗರ ಗುಂಪೊಂದು ನೆನೆಸಿದ ಹಸಿ ಕಾಳನ್ನು ತಿಂದು ಹೀಗೆಯೇ ನರಳಿತ್ತು. ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಚೇತರಿಕೆಯಾಗುತ್ತದೆ, ನಿಜ. ಆದರೆ ಕೆಲವರಿಗೆ ಆಸ್ಪತ್ರೆ ಸೇರಬೇಕಾಗಿ ಬಂದದ್ದೂ ಉಂಟು.

ಚೆನ್ನಾಗಿ ಕುದಿಸಿದರೆ ಈ ವಿಷ ನಾಶವಾಗುತ್ತದೆ. ಅರೆಬರೆ ಕಾಯಿಸಿದರೆ ಮಾತ್ರ ಅಪಾಯ ಕಡಿಮೆಯಾಗುವ ಬದಲು ಹೆಚ್ಚಾಗಬಹುದು. 80 ಡಿಗ್ರಿ ಸೆಲ್ಸಿಯಸ್‌ನಷ್ಟೇ ಕಾದ ಕಾಳು ಹಸಿ ಕಾಳಿಗಿಂತ ಐದು ಪಟ್ಟು ವಿಷಕಾರಿಯಾಗಬಲ್ಲದು. ವಿದೇಶಕ್ಕೆ ಓದಲು ಹೋದ ಮಕ್ಕಳು ಕೋಣೆಯಲ್ಲಿ ‘ಸ್ಲೋ ಕುಕ್ಕರ್’ ಎಂಬ ವಿದ್ಯುತ್ ಪಾತ್ರೆ ಇಟ್ಟುಕೊಳ್ಳುವುದುಂಟು. ಬೆಳಿಗ್ಗೆ ಎಲ್ಲವನ್ನೂ ತುಂಬಿ ಕಾಲೇಜಿಗೆ ಹೋದರೆ ಸಂಜೆಗೆ ಅಡುಗೆ ಸಿದ್ಧ. ಆದರೆ ಅದರ ಬಿಸಿ ಎಷ್ಟೋ ಸಲ ಕುದಿಯುವ ಮಟ್ಟ ಮುಟ್ಟುವುದೇ ಇಲ್ಲ. ಹಸಿ ರಾಜ್ಮಾವನ್ನು ನೇರವಾಗಿ ಅದರಲ್ಲಿ ಬೇಯಿಸಬಾರದು.

ನಿಯಮ ಮೂರೇ. ಕಾಳನ್ನು ಕನಿಷ್ಠ 5 ಗಂಟೆ, ಸಾಧ್ಯವಾದರೆ ರಾತ್ರಿಯಿಡೀ ನೆನೆಸಬೇಕು. ನೆನೆಸಿದ ನೀರನ್ನು ಚೆಲ್ಲಬೇಕು. ಹೊಸ ನೀರಿನಲ್ಲಿ ಕನಿಷ್ಠ 30 ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಬೇಕು. ನಮ್ಮ ಮನೆಗಳ ಪ್ರೆಷರ್ ಕುಕ್ಕರ್ ಇಲ್ಲಿ ದೊಡ್ಡ ಉಪಕಾರಿ. ಅದರೊಳಗಿನ ಬಿಸಿ 100 ಡಿಗ್ರಿಯನ್ನೂ ದಾಟುತ್ತದೆ. ಡಬ್ಬಿಯಲ್ಲಿ ಬರುವ ಬೆಂದ ಕಾಳಿಗೆ ಈ ಭಯವಿಲ್ಲ.

ಮಾಡುವುದು ಹೇಗೆ?

ನಾಲ್ಕು ಮಂದಿಗೆ ಬೇಕಾಗುವ ಸಾಮಗ್ರಿ: ರಾಜ್ಮಾ (ಬಿಳಿ, ಚುಕ್ಕೆ ಅಥವಾ ಕೆಂಪು) 150 ಗ್ರಾಂ, ಈರುಳ್ಳಿ 1, ಕ್ಯಾರೆಟ್ 2, ಸೆಲೆರಿ ದಂಟು 1 (ಸಿಕ್ಕರೆ), ಬೆಳ್ಳುಳ್ಳಿ 3 ಎಸಳು, ಟೊಮೆಟೊ 3, ಆಲೂಗೆಡ್ಡೆ 1, ಹುರುಳಿಕಾಯಿ 100 ಗ್ರಾಂ, ಎಲೆಕೋಸು ಕಾಲು ಭಾಗ, ಸಣ್ಣ ಪಾಸ್ತಾ 75 ಗ್ರಾಂ, ಎಣ್ಣೆ 2 ದೊಡ್ಡ ಚಮಚ, ಉಪ್ಪು, ಕಾಳುಮೆಣಸಿನ ಪುಡಿ. ಅಲಸಂದೆ ಬಳಸಿದರೂ ಚೆನ್ನ. ಅದು ಬೇಗ ಬೇಯುತ್ತದೆ.

ನೆನೆದ ಕಾಳಿಗೆ ಹೊಸ ನೀರು ಹಾಕಿ ಕುಕ್ಕರಿನಲ್ಲಿಡಿ. ಮೊದಲ ಸೀಟಿ ಬಂದ ಮೇಲೆ ಉರಿ ತಗ್ಗಿಸಿ 15ರಿಂದ 20 ನಿಮಿಷ ಬೇಯಿಸಿ. ಐದಾರು ಕಾಳನ್ನು ಬೆರಳಲ್ಲಿ ಹಿಸುಕಿ ನೋಡಿ. ಎಲ್ಲವೂ ಬೆಣ್ಣೆಯಂತೆ ಮೆತ್ತಗಾಗಿರಬೇಕು. ಒಂದು ಗಟ್ಟಿಯಿದ್ದರೂ ಮತ್ತೆ ಬೇಯಿಸಿ. ಟೊಮೆಟೊವನ್ನು ಕಾಳಿನ ಜೊತೆಗೇ ಹಾಕಬೇಡಿ. ಹುಳಿಯಿದ್ದರೆ ಕಾಳು ಬೇಗ ಮೆತ್ತಗಾಗುವುದಿಲ್ಲ.

ಇತ್ತ ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ, ಸಣ್ಣಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲೆರಿ ಹಾಕಿ. ಇಟಲಿಯವರು ಇದನ್ನು ‘ಸೊಫ್ರಿತ್ತೊ’ ಎನ್ನುತ್ತಾರೆ. ನಮ್ಮ ಒಗ್ಗರಣೆಗೂ ಇದಕ್ಕೂ ವ್ಯತ್ಯಾಸವಿದೆ. ಒಗ್ಗರಣೆ ಜೋರು ಉರಿಯಲ್ಲಿ ಅರೆ ಕ್ಷಣದಲ್ಲಿ ಸಿಡಿಯಬೇಕು. ಸೊಫ್ರಿತ್ತೊ ಸಣ್ಣ ಉರಿಯಲ್ಲಿ 15 ನಿಮಿಷ ಬಾಡಬೇಕು, ಕೆಂಪಾಗಬಾರದು. ಸೂಪಿನ ಸಿಹಿ ರುಚಿಯೆಲ್ಲ ಇಲ್ಲಿಂದಲೇ ಬರುವುದು. ಅವಸರ ಮಾಡಿದರೆ ಆಮೇಲೆ ಯಾವ ಮಸಾಲೆಯೂ ಅದನ್ನು ತುಂಬಿಕೊಡದು.

ಬೆಳ್ಳುಳ್ಳಿ ಹಾಕಿ ಒಂದು ನಿಮಿಷ ಬಿಟ್ಟು ಟೊಮೆಟೊ ಸೇರಿಸಿ. ಅದು ಕರಗಿದ ಮೇಲೆ ಆಲೂಗೆಡ್ಡೆ, ಹುರುಳಿಕಾಯಿ, ಒಂದೂಕಾಲು ಲೀಟರ್ ನೀರು ಹಾಕಿ 15 ನಿಮಿಷ ಕುದಿಸಿ. ನಂತರ ಎಲೆಕೋಸು. ಬೆಂದ ಕಾಳಿನಲ್ಲಿ ಅರ್ಧವನ್ನು ಹಾಗೆಯೇ, ಉಳಿದರ್ಧವನ್ನು ಮಸೆದು ಹಾಕಿ. ಸೂಪು ತಾನಾಗಿ ಮಂದವಾಗುತ್ತದೆ. ಕೊನೆಗೆ ಪಾಸ್ತಾ ಮತ್ತು ಉಪ್ಪು. ಪಾಸ್ತಾ ಬೆಂದೊಡನೆ ಇಳಿಸಿ, ಮೆಣಸಿನ ಪುಡಿ ಉದುರಿಸಿ. ನಮ್ಮ ಕಾಮಕಸ್ತೂರಿಯೂ ಬೇಸಿಲ್ ಜಾತಿಯದೇ. ಪರಿಮಳ ಸ್ವಲ್ಪ ಬೇರೆ. ಆದರೂ ನಾಲ್ಕು ಎಲೆ ಹರಿದು ಹಾಕಬಹುದು.

ಸಸ್ಯಾಹಾರಿಗಳು ಒಂದು ವಿಷಯ ಗಮನಿಸಬೇಕು. ಇಟಲಿಯ ಹೋಟೆಲುಗಳಲ್ಲಿ ಸಿಗುವ ಮಿನೆಸ್ಟ್ರೋನೆ ಸದಾ ಸಸ್ಯಾಹಾರವಲ್ಲ. ಅರ್ತುಸಿಯ ಪಾಕದಲ್ಲೂ ಮಾಂಸದ ಸಾರು, ಹಂದಿಯ ಕೊಬ್ಬು ಇವೆ. ಮೇಲೆ ತುರಿದು ಹಾಕುವ ಪಾರ್ಮಿಜಾನೊ ಗಿಣ್ಣಿಗೆ ಕರುವಿನ ಜಠರದಿಂದ ತೆಗೆದ ಹೆಪ್ಪು ಬಳಸುತ್ತಾರೆ. ಕೇಳಿ ತಿಳಿದುಕೊಂಡು ತಿನ್ನುವುದು ಲೇಸು. ಮನೆಯಲ್ಲಿ ಮಾಡಿಕೊಂಡರೆ ಆ ಪ್ರಶ್ನೆಯೇ ಇಲ್ಲ.

ಮರುದಿನದ ರುಚಿ

ಟಸ್ಕನಿಯಲ್ಲಿ ‘ರಿಬೊಲ್ಲೀತಾ’ ಎಂಬ ಸೂಪಿದೆ. ಹಾಗೆಂದರೆ ‘ಮತ್ತೆ ಕುದಿಸಿದ್ದು’. ಹಿಂದಿನ ದಿನ ಉಳಿದ ಕಾಳು-ಸೊಪ್ಪಿನ ಸೂಪಿಗೆ ಒಣ ಬ್ರೆಡ್ಡು ಸೇರಿಸಿ ಮತ್ತೊಮ್ಮೆ ಕುದಿಸಿದರೆ ಅದೇ ಹೊಸ ಅಡುಗೆ. ಬಸ್ಸಾರು ಮರುದಿನಕ್ಕೇ ಹೆಚ್ಚು ರುಚಿ ಎನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಉಳಿದದ್ದನ್ನು ರಾತ್ರಿಯೆಲ್ಲ ಒಲೆಯ ಮೇಲೇ ಬಿಡಬಾರದು. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ತಿನ್ನುವಾಗ ಚೆನ್ನಾಗಿ ಕುದಿ ಬರಿಸಬೇಕು. ಮರುದಿನಕ್ಕೆ ಎತ್ತಿಡುವ ಪಾಲಿಗೆ ಪಾಸ್ತಾ ಹಾಕದಿರುವುದೇ ಮೇಲು. ಅದು ರಸವನ್ನೆಲ್ಲ ಹೀರಿ ಮುದ್ದೆಯಾಗುತ್ತದೆ.

ಮಿಲಾನ್, ಟುರಿನ್‌ಗಳ ತಾಂತ್ರಿಕ ವಿಶ್ವವಿದ್ಯಾಲಯಗಳಿಗೆ ಭಾರತದಿಂದ ಹೋಗಿ ಓದುವವರಿದ್ದಾರೆ. ಬೆಂಗಳೂರು, ಧಾರವಾಡಗಳಲ್ಲಿ ಕೋಣೆ ಹಿಡಿದು ಕೈಯಡುಗೆ ಮಾಡಿಕೊಳ್ಳುವವರು ಇನ್ನೂ ಹೆಚ್ಚು. ಎಲ್ಲಿದ್ದರೂ ಇವರ ಕಷ್ಟ ಒಂದೇ: ಹಣ ಕಡಿಮೆ, ಸಮಯ ಕಡಿಮೆ, ಮನೆಯೂಟದ ನೆನಪು ಮಾತ್ರ ಹೆಚ್ಚು. ಪಾಲಕರು ಮಕ್ಕಳ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ ತುಂಬಿ ಕಳಿಸುತ್ತಾರೆ. ಅದು ಕೆಲವು ವಾರಕ್ಕೆ ಮುಗಿಯುತ್ತದೆ. ಕಾಳು ನೆನೆಸಿ, ನೀರು ಚೆಲ್ಲಿ, ಬೆಂದಿದೆಯೇ ಎಂದು ಹಿಸುಕಿ ನೋಡುವ ಅಭ್ಯಾಸವನ್ನು ಹೊರಡುವ ಮೊದಲ ರಜೆಯಲ್ಲಿ ಕಲಿಸಿದರೆ ಅದು ಮುಗಿಯುವಂಥದ್ದಲ್ಲ. ಮಗಳಿಗೆ ಮಾತ್ರವಲ್ಲ, ಮಗನಿಗೂ.

ಅರ್ತುಸಿ ತನ್ನ ಪಾಕವನ್ನು ಹೇಳುವಾಗಲೇ ಓದುಗರಿಗೆ ಒಂದು ಸ್ವಾತಂತ್ರ್ಯ ಕೊಟ್ಟಿದ್ದಾನೆ: ಆಯಾ ಊರಿನ ರುಚಿಗೆ, ಅಲ್ಲಿ ಸಿಗುವ ತರಕಾರಿಗೆ ತಕ್ಕಂತೆ ಇದನ್ನು ಬದಲಿಸಿಕೊಳ್ಳಬಹುದು. ಆದ್ದರಿಂದ ಸೆಲೆರಿ ಸಿಗದಿದ್ದರೆ ಬಿಡಿ, ಸೀಮೆಬದನೆ ಇದ್ದರೆ ಹಾಕಿ, ಪಾಸ್ತಾ ಬದಲು ಹಿಡಿ ಅಕ್ಕಿ ಸುರಿಯಿರಿ. ಕಾಳನ್ನು ಬೇಯಿಸುವ ವಿಷಯದಲ್ಲಿ ಮಾತ್ರ ಆ ಸ್ವಾತಂತ್ರ್ಯವಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುತ್ತದೆ ನಮ್ಮ ಗಾದೆ. ಕಾಳು ಬೇಯಿಸಬಲ್ಲವನಿಗೆ ಮಿನೆಸ್ಟ್ರೋನೆಯನ್ನು ಶಪಿಸುವ ಪ್ರಮೇಯ ಬಾರದು.