ಜಾಝ್ ಪಿಯಾನೋ ರೆಕಾರ್ಡಿನ ಜಾಡು ಹಿಡಿದರೆ ಸಿಗೋದು ಮೃದಂಗ!

ಮೊದಲು ಒಂದು ಒಗಟು. ಎಲ್‌ಪಿ ರೆಕಾರ್ಡಿನ ಒಂದು ಬದಿಯಲ್ಲಿ ಎಷ್ಟು ಗೀರುಗಳಿರುತ್ತವೆ? ನೂರು? ಐನೂರು? ಸಾವಿರ?

ಒಂದೇ ಒಂದು!

ನಿಜ ಸ್ವಾಮಿ, ಒಂದೇ ಗೀರು. ಅಂಚಿನಲ್ಲಿ ಹೊರಟು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತೆ. ಇಪ್ಪತ್ತು ನಿಮಿಷದ ಬದಿಯಾದರೆ 660ಕ್ಕೂ ಹೆಚ್ಚು ಸುತ್ತು. ಬಿಚ್ಚಿ ನೆಟ್ಟಗೆ ಎಳೆದರೆ 400 ಮೀಟರ್ ದಾಟುತ್ತೆ! ಆ ಗೀರಿಗೆ ಎರಡು ಗೋಡೆ. ಒಂದರಲ್ಲಿ ಎಡ ಸ್ಪೀಕರಿನ ದನಿ, ಇನ್ನೊಂದರಲ್ಲಿ ಬಲ ಸ್ಪೀಕರಿನದು. ಮುಳ್ಳು ಒಂದೇ, ಓದೋದು ಎರಡನ್ನೂ!

ಈಗ ಅಂಥ ಒಂದು ಗೀರಿನ ಬೆನ್ನು ಹತ್ತೋಣ. ಅದು ಎಲ್ಲಿಗೆ ಕರೆದೊಯ್ಯುತ್ತೆ, ಊಹಿಸುತ್ತಾ ಇರಿ.

ರೆಕಾರ್ಡಿನ ಹೆಸರು ‘ತೋಷಿಕೋ ಮರಿಯಾನೋ ಕ್ವಾರ್ಟೆಟ್’. ಧ್ವನಿಮುದ್ರಣ ಆದದ್ದು 1960ರ ಡಿಸೆಂಬರ್‌ನಲ್ಲಿ. ಊರು ನ್ಯೂಯಾರ್ಕ್. ಕಂಪನಿ ಕ್ಯಾಂಡಿಡ್. ಬಂದು ಅರುವತ್ತು ವರ್ಷ ದಾಟಿದರೂ ಜಾಝ್ ಪ್ರಿಯರು ಇದನ್ನು ಬಿಟ್ಟಿಲ್ಲ. ಮತ್ತೆ ಮತ್ತೆ ಮರುಮುದ್ರಣ!

ಪಿಯಾನೋ ಮುಂದೆ ಕೂತವರು ತೋಷಿಕೋ ಅಕಿಯೋಶಿ. 1929ರಲ್ಲಿ ಮಂಚೂರಿಯಾದಲ್ಲಿ ಹುಟ್ಟಿದ ಜಪಾನಿ ಹೆಣ್ಣುಮಗಳು. 1953ರಲ್ಲಿ ಟೋಕಿಯೋಗೆ ಬಂದ ಆಸ್ಕರ್ ಪೀಟರ್ಸನ್ ಇವರ ಪಿಯಾನೋ ಕೇಳಿದರು. ಪೀಟರ್ಸನ್ ಅಂದರೆ ಜಾಝ್ ಪಿಯಾನೋದ ದೊರೆ! ಅಂಥವರೇ ಬೆರಗಾದರು. ಅದೇ ವರ್ಷ ತೋಷಿಕೋ ರೆಕಾರ್ಡ್ ಮಾಡಿಯೂ ಆಯಿತು. ಮೂರೇ ವರ್ಷದಲ್ಲಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಯ ಬಾಗಿಲೂ ತೆರೆಯಿತು!

ಆದರೆ ನಮ್ಮ ಜಾಡು ಇರೋದು ಪಕ್ಕದಲ್ಲಿ ನಿಂತ ಸ್ಯಾಕ್ಸೊಫೋನ್‌ನಲ್ಲಿ.

ಅದನ್ನು ಊದಿದವರು ತೋಷಿಕೋ ಅವರ ಆಗಿನ ಪತಿ, ಚಾರ್ಲಿ ಮರಿಯಾನೋ. ಬಾಸ್ಟನ್ನಿನವರು. ಸಾಮಾನ್ಯರಲ್ಲ! ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್‌ನ ‘ದಿ ಬ್ಲ್ಯಾಕ್ ಸೇಂಟ್ ಅಂಡ್ ದಿ ಸಿನ್ನರ್ ಲೇಡಿ’ ಗೊತ್ತಲ್ಲ? 1963ರ ಆ ಮಹಾ ಆಲ್ಬಮಿನಲ್ಲಿ ಆರ್ತವಾಗಿ ಕೂಗುವ ಆಲ್ಟೊ ಸ್ಯಾಕ್ಸೊಫೋನ್ ಇವರದೇ. ಆ ಆಲ್ಬಮಿನ ಹೊದಿಕೆಯ ಮೇಲೆ ಟಿಪ್ಪಣಿ ಬರೆದವರಲ್ಲಿ ಒಬ್ಬರು ಯಾರು, ಹೇಳಿ ನೋಡೋಣ? ಸಂಗೀತ ವಿಮರ್ಶಕರೇ? ಅಲ್ಲ. ಮಿಂಗಸ್‌ಗೆ ಚಿಕಿತ್ಸೆ ಕೊಡುತ್ತಿದ್ದ ಮನೋವಿಜ್ಞಾನಿ!

ಇಷ್ಟಕ್ಕೇ ಬೆರಗಾಗಬೇಡಿ. ಮುಂದಿದೆ.

ಮರಿಯಾನೋ ಕಿವಿಗೆ ಒಂದು ದಿನ ನಾಗಸ್ವರ ಬಿತ್ತು. ಹೌದು, ನಮ್ಮ ಮದುವೆಮನೆಯ ನಾಗಸ್ವರ! ಮನಸ್ಸು ಸೋತಿತು. ದಕ್ಷಿಣ ಭಾರತಕ್ಕೇ ಬಂದು ಕಲಿತರು. ಅಮೆರಿಕದ ಜಾಝ್ ವಾದಕ ನಾಗಸ್ವರ ಊದಿದರು, ಅದನ್ನು ರೆಕಾರ್ಡಿಗೂ ತಂದರು!

ಈಗ ಹೇಳಿ, ಗೀರು ಎಲ್ಲಿಗೆ ಬಂತು?

ಬೆಂಗಳೂರಿಗೆ!

1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರ ಸಂಸ್ಥೆ. ಅವರ ತಂಡದ ಜತೆ ಮರಿಯಾನೋ ಕೈಜೋಡಿಸಿದರು. 1983ರ ಫೆಬ್ರುವರಿಯಲ್ಲಿ ಜರ್ಮನಿಯಲ್ಲಿ ಒಂದು ಎಲ್‌ಪಿ ಸಿದ್ಧವಾಯಿತು. ಹೊರತಂದದ್ದು ಜಗತ್ತಿನ ಜಾಝ್ ಪ್ರಿಯರೆಲ್ಲ ತಲೆದೂಗುವ ಇಸಿಎಂ ಕಂಪನಿ. ಆಲ್ಬಮಿನ ಹೆಸರು?

‘ಜ್ಯೋತಿ’!

ಅದರಲ್ಲಿ ಪಿಯಾನೋ? ಇಲ್ಲ. ಬೇಸ್ ಗಿಟಾರ್? ಇಲ್ಲ. ಡ್ರಮ್ ಸೆಟ್? ಅದೂ ಇಲ್ಲ! ಮಣಿಯವರ ಮೃದಂಗ ಇದೆ. ಆರ್.ಎ. ರಾಜಗೋಪಾಲ್ ಅವರ ಘಟ, ಮೋರ್ಸಿಂಗ್ ಇವೆ. ಟಿ.ಎನ್. ಶಶಿಕುಮಾರ್ ಅವರ ಖಂಜಿರ ಇದೆ. ಕೊನ್ನಕ್ಕೋಲ್ ಇದೆ. ಎಲ್ಲದರ ಮೇಲೆ ಆರ್.ಎ. ರಮಾಮಣಿ ಅವರ ಕಂಠ. ಹಾಡುಗಳ ಹೆಸರು ಕೇಳಿ: ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’. ನ್ಯೂಯಾರ್ಕಿನಲ್ಲಿ ತೋಷಿಕೋ ಪಿಯಾನೋ ಪಕ್ಕ ಊದಿದ ಅದೇ ಉಸಿರು, 22 ವರ್ಷ ಆದ ಮೇಲೆ, ನಮ್ಮ ರಮಾಮಣಿಯವರ ಸ್ವರದ ಪಕ್ಕ!

ಗಿರಿನಗರದವರೇ, ಇದು ನಿಮಗೆಂದೇ ಮಾಡಿದ ರೆಕಾರ್ಡು. ರಾಮನವಮಿ ಪೆಂಡಾಲಿನಲ್ಲಿ ತನಿ ಆವರ್ತನ ಕೇಳಿ ಬೆಳೆದ ಕಿವಿ ನಿಮ್ಮದು. ತೊಡೆಯ ಮೇಲೆ ತಾಳ ಹಾಕುತ್ತಾ ಲೆಕ್ಕ ಹಿಡಿಯೋದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಜಾಝ್ ನಮಗೆ ಅರ್ಥವಾಗಲ್ಲ ಅಂತ ಇನ್ನು ಯಾರಾದರೂ ಅಂದರೆ ನಂಬಲೇಬೇಡಿ!

ಮೊದಲು ತೋಷಿಕೋ ಅವರ ಪಿಯಾನೋ. ಆಮೇಲೆ ‘ಜ್ಯೋತಿ’. ಇದೇ ಕ್ರಮದಲ್ಲಿ, ಒಂದೇ ಸಂಜೆ, ಎರಡನ್ನೂ ಕೇಳಿಬಿಡಿ. ಪಕ್ಕದ ಮನೆಯ ಮೃದಂಗ ಕಲಿಯುವ ಹುಡುಗನನ್ನೂ ಕರೆಯಿರಿ!