‘ಸಿನ್ಸ್’ ಎಂಬ ಶಬ್ದದ ಎರಡು ಅರ್ಥಗಳು

ಇಂಗ್ಲೀಷು ಭಾಷೆಯಲ್ಲಿ ನಮ್ಮ ಬಾಲಿಕೆಯರನ್ನು ಬಹಳವಾಗಿ ತೊಡಕಿಗೆ ಸಿಕ್ಕಿಸುವ ಶಬ್ದಗಳಲ್ಲಿ ‘ಸಿನ್ಸ್’ ಎಂಬುದೊಂದು. ಅದು ಒಮ್ಮೆ ಕಾಲವನ್ನೂ ಒಮ್ಮೆ ಕಾರಣವನ್ನೂ ಸೂಚಿಸುವುದು. ಅರ್ಜಿಗಳನ್ನೂ ಕಾಗದಗಳನ್ನೂ ಬರೆಯಬೇಕಾಗುವ ಹಳೆಯ ವಿದ್ಯಾರ್ಥಿನಿಯರಿಗೂ, ಮನೆಯಲ್ಲಿ ಪಾಠ ಹೇಳಿಕೊಡುವ ತಾಯಿತಂದೆಗಳಿಗೂ ಪ್ರಯೋಜನವಾಗಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಹಳೆಯ ಇಂಗ್ಲೀಷಿನಲ್ಲಿ ಇದರ ಮೂಲರೂಪಕ್ಕೆ ‘ಅದಾದ ಮೇಲೆ’ ಎಂದರ್ಥ. ಕಾಲದ ಅರ್ಥವೇ ಮೊದಲನೆಯದು. ಕಾರಣದ ಅರ್ಥವು ಅದರಿಂದ ಹುಟ್ಟಿತು. 1611ರಲ್ಲಿ ಅಚ್ಚಾದ ಇಂಗ್ಲೀಷು ಬೈಬಲಿನಲ್ಲಿ, ಯೆಹೆಜ್ಕೇಲನ ಗ್ರಂಥದ 35ನೆಯ ಅಧ್ಯಾಯದೊಳಗೆ, ‘ಸಿತ್’ ಎಂಬ ಹಳೆಯ ರೂಪವು ಕಾರಣಾರ್ಥದಲ್ಲಿಯೇ ಬಂದಿದೆ. ಇದು ನಮಗೆ ಹೊಸತಲ್ಲ. ‘ಊಟವಾದ ಮೇಲೆ ಬಂದಳು’ ಎಂಬಲ್ಲಿ ‘ಮೇಲೆ’ ಎಂಬುದು ಕಾಲವನ್ನು ತಿಳಿಸುತ್ತದೆ. ‘ಮಾತು ಕೊಟ್ಟ ಮೇಲೆ ನಡೆಸಲೇಬೇಕು’ ಎಂಬಲ್ಲಿ ಕಾರಣವನ್ನು ತಿಳಿಸುತ್ತದೆ.

ಕಾಲಾರ್ಥದಲ್ಲಿ ತಪ್ಪು ಹೇಗೆ ಬರುತ್ತದೆ? ನಾವು ‘1940ರಿಂದ’ ಎನ್ನುತ್ತೇವೆ, ‘ಐದು ವರ್ಷಗಳಿಂದ’ ಎಂದೂ ಎನ್ನುತ್ತೇವೆ. ಎರಡಕ್ಕೂ ಒಂದೇ ವಿಭಕ್ತಿ ಸಾಕು. ಇಂಗ್ಲೀಷು ಇವೆರಡನ್ನು ಬೇರ್ಪಡಿಸುತ್ತದೆ. ಕಾರ್ಯವು ಮೊದಲಾದ ಸಮಯವನ್ನು ಹೇಳುವಾಗ ‘ಸಿನ್ಸ್’, ಕಳೆದ ಅವಧಿಯನ್ನು ಅಳೆಯುವಾಗ ‘ಫಾರ್’ ಬರಬೇಕು. ‘ಐ ಆ್ಯಮ್ ಟೀಚಿಂಗ್ ಸಿನ್ಸ್ ಫೈವ್ ಇಯರ್ಸ್’ ಎಂಬುದು ತಪ್ಪು. ‘ಐ ಹ್ಯಾವ್ ಬೀನ್ ಟೀಚಿಂಗ್ ಫಾರ್ ಫೈವ್ ಇಯರ್ಸ್’ ಎಂಬುದು ಸರಿ. ಹಿಂದೆ ಆರಂಭವಾಗಿ ಈಗಲೂ ನಡೆಯುತ್ತಿರುವ ಕಾರ್ಯವಾದುದರಿಂದ ‘ಆ್ಯಮ್’ ಎಂಬುದಕ್ಕೆ ಬದಲಾಗಿ ‘ಹ್ಯಾವ್ ಬೀನ್’ ಎಂದು ಬರೆಯಬೇಕು.

ಕಾರಣಾರ್ಥದಲ್ಲಿ, ಕೇಳುವವರಿಗೆ ಮೊದಲೇ ತಿಳಿದಿರುವ ಸಂಗತಿಗೆ ‘ಸಿನ್ಸ್’ ಒಪ್ಪುತ್ತದೆ: ‘ಸಿನ್ಸ್ ಇಟ್ ಈಸ್ ರೇನಿಂಗ್, ವೀ ಶಲ್ ಸ್ಟೇ ಇಂಡೋರ್ಸ್’. ‘ಏಕೆ?’ ಎಂದು ಕೇಳಿದವರಿಗೆ ಉತ್ತರ ಕೊಡುವಾಗಲಾದರೋ ‘ಬಿಕಾಸ್’ ಎಂದೇ ಹೇಳಬೇಕು. ‘ಸಿನ್ಸ್’ ಎಂದು ಆರಂಭಿಸಿದ ಮೇಲೆ, ನಮ್ಮ ‘ಆದಕಾರಣ’ವನ್ನು ನೆನೆದು ನಡುವೆ ‘ಸೋ’ ಎಂಬುದನ್ನು ಸೇರಿಸಬಾರದು. ಒಂದು ಕಾರಣಕ್ಕೆ ಒಂದೇ ಕೊಂಡಿ ಸಾಕು.

ಇನ್ನೊಂದು ಎಚ್ಚರಿಕೆಯು ವ್ಯಾಕರಣಕ್ಕಿಂತಲೂ ದೊಡ್ಡದು. ಹೊಸದಾಗಿ ಮದುವೆಯಾದ ಒಬ್ಬಳು ತನ್ನ ಗೆಳತಿಗೆ, ‘ಸಿನ್ಸ್ ಮೈ ಮದರ್-ಇನ್-ಲಾ ಕೇಮ್, ಐ ಹ್ಯಾವ್ ನಾಟ್ ಬೀನ್ ಟು ಚರ್ಚ್’ ಎಂದು ಬರೆದಳೆನ್ನೋಣ. ಅತ್ತೆಯವರು ಬಂದ ದಿನ ಮೊದಲ್ಗೊಂಡು ತಾನು ದೇವಾಲಯಕ್ಕೆ ಹೋಗಲಾಗಲಿಲ್ಲವೆಂಬುದಷ್ಟೇ ಅವಳ ಅಭಿಪ್ರಾಯವಿರಬಹುದು. ಓದಿದವರು ಅತ್ತೆಯವರೇ ಅದಕ್ಕೆ ಕಾರಣರೆಂದು ತಿಳಿಯಬಹುದು. ವ್ಯಾಕರಣದಲ್ಲಿ ತಪ್ಪಿಲ್ಲ, ಆದರೂ ನಿರಪರಾಧಿಯ ಮೇಲೆ ದೂರು ಬಿತ್ತು. ಇಂತಹ ಸ್ಥಳದಲ್ಲಿ ಕಾಲವನ್ನು ಹೇಳಬೇಕಾದರೆ ‘ಆನ್’ ಎಂಬುದನ್ನು ಸೇರಿಸಿ ಬಂದ ತಾರೀಖನ್ನೂ, ಹೋಗಲಾಗದುದಕ್ಕೆ ನಿಜವಾದ ಕಾರಣವನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಬರೆಯುವುದು ಲೇಸು.

ಬರೆದುದನ್ನು ಅಂಚೆಗೆ ಹಾಕುವುದಕ್ಕೆ ಮೊದಲು, ‘ಸಿನ್ಸ್’ ಇದ್ದಲ್ಲೆಲ್ಲಾ ‘ಅಂದಿನಿಂದ’ ಎಂಬುದನ್ನೂ ‘ಆದಕಾರಣ’ ಎಂಬುದನ್ನೂ ಇಟ್ಟು ಓದಿನೋಡಿರಿ. ಎರಡೂ ಹೊಂದಿದರೆ ವಾಕ್ಯವನ್ನು ತಿದ್ದಿರಿ.