ಸಕಾಲವೂ ಸೇವಾಧರ್ಮವೂ

ಶಾಸ್ತ್ರಗಳಲ್ಲಿ ‘ಅಧಿಕಾರಿ’ ಎಂಬ ಶಬ್ದಕ್ಕೆ ಅರ್ಹತೆಯುಳ್ಳವನೆಂದು ಅರ್ಥ. ಅಧ್ಯಯನಕ್ಕೆ ಅಧಿಕಾರಿ, ಯಜ್ಞಕ್ಕೆ ಅಧಿಕಾರಿ ಎಂದು ಹಿರಿಯರು ವ್ಯವಹರಿಸುತ್ತಿದ್ದರು. ಲೋಕದಲ್ಲಿಯಾದರೋ ಆ ಶಬ್ದವು ಆಜ್ಞೆ ಮಾಡುವವನೆಂಬ ಅರ್ಥದಲ್ಲಿಯೇ ರೂಢವಾಗಿದೆ. ಈ ಎರಡು ಅರ್ಥಗಳನ್ನು ಪುನಃ ಒಂದುಗೂಡಿಸುವುದೇ ಆಡಳಿತ ಸುಧಾರಣೆಯ ಸಾರವೆನ್ನಬಹುದು.

ಅರ್ಹತೆಯನ್ನು ಪರೀಕ್ಷಿಸುವುದು ನಮ್ಮ ನಾಡಿಗೆ ಹೊಸತಲ್ಲ. ದಿವಾನ್ ಶೇಷಾದ್ರಿ ಅಯ್ಯರವರ ಕಾಲದಲ್ಲಿ, 1891ರಲ್ಲಿ, ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾಪರೀಕ್ಷೆಯು ಆರಂಭವಾಯಿತು. ಗ್ರಾಮಗಳಲ್ಲಿ ಮಾತ್ರ ಶಾನುಭೋಗಿಕೆ, ಪಟೇಲಿಕೆಗಳು ವಂಶಪಾರಂಪರ್ಯವಾಗಿಯೇ ನಡೆದುಬಂದು, 1961ರ ಶಾಸನದಿಂದ ರದ್ದಾದುವು. ಆದರೆ ಯೋಗ್ಯನನ್ನು ಆರಿಸಿದ ಮಾತ್ರಕ್ಕೆ ಕೆಲಸವು ಹೊತ್ತಿಗೆ ಸರಿಯಾಗಿ ಆಗುವುದೆಂಬ ಭರವಸೆಯಿಲ್ಲ.

ಯಲಹಂಕದಂತಹ ಹೋಬಳಿಯಲ್ಲಿ ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಗೆ ಬರುವ ಕೂಲಿಯ ಹೆಂಗಸನ್ನು ಕುರಿತು ಆಲೋಚಿಸೋಣ. ಮಾರಿಯನ್ನು ಹೊರಗಿಡಲು ಜನರು ಬಾಗಿಲ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’ ಎಂಬ ಮಾತನ್ನೇ ಆಕೆಗೆ ಹೇಳಿದರೆ, ಒಂದು ದಿನದ ಕೂಲಿ ಹೋಯಿತು. ಮಗನ ವಿದ್ಯಾರ್ಥಿವೇತನದ ಅವಧಿ ಮೀರಿದರೆ ಒಂದು ವರ್ಷದ ನೆರವೇ ಹೋಯಿತು. ಹೇಳಿದವರಿಗೆ ನಷ್ಟವೇನೂ ಇಲ್ಲ. ವಿಳಂಬದ ಮೂಲವಿರುವುದು ಇಲ್ಲಿಯೇ.

ಈ ನಷ್ಟದಲ್ಲಿ ಸ್ವಲ್ಪಾಂಶವನ್ನಾದರೂ ಅದಕ್ಕೆ ಕಾರಣರಾದವರ ಮೇಲೆ ಹೊರಿಸಿದುದು ಕರ್ನಾಟಕದ 2011ರ ನಾಗರಿಕ ಸೇವೆಗಳ ಖಾತರಿ ಅಧಿನಿಯಮದ ವಿಶೇಷ. ‘ಸಕಾಲ’ವೆಂಬ ಹೆಸರಿನಿಂದ ಅದು 2012ರ ಏಪ್ರಿಲ್ 2ರಂದು, 11 ಇಲಾಖೆಗಳ 151 ಸೇವೆಗಳೊಡನೆ, ರಾಜ್ಯದಾದ್ಯಂತ ಜಾರಿಗೆ ಬಂದಿತು. ಅರ್ಜಿದಾರರಿಗೆ 15 ಅಂಕಿಗಳ ಸಂಖ್ಯೆಯುಳ್ಳ ರಸೀದಿಯನ್ನು ಕೊಡತಕ್ಕದ್ದು. ಪ್ರತಿಯೊಂದು ಸೇವೆಗೂ ಇಂತಿಷ್ಟು ದಿನಗಳೆಂಬ ಗಡುವು ಉಂಟು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಗೆ ಹೆಚ್ಚದಂತೆ, ಪರಿಹಾರವು ಸಲ್ಲಬೇಕು. ಆ ಹಣವನ್ನು ತಪ್ಪಿತಸ್ಥ ನೌಕರನ ಸಂಬಳದಿಂದ ಮುರಿದುಕೊಳ್ಳಬೇಕು. ಮೊತ್ತವು ಅಲ್ಪವೇ ಸರಿ. ಆದರೂ ಅದುವರೆಗೆ ಯಾರದೂ ಅಲ್ಲದ ವಿಳಂಬಕ್ಕೆ ಒಬ್ಬ ಹೊಣೆಗಾರನು ದೊರೆತಂತಾಯಿತು.

ದೋಷಗಳು ಇಲ್ಲವೆಂದಲ್ಲ. ಗಡುವಿನೊಳಗೆ ಅರ್ಜಿಯನ್ನು ತಿರಸ್ಕರಿಸಿದರೂ ಲೆಕ್ಕದಲ್ಲಿ ಅದು ‘ವಿಲೇವಾರಿ’ಯೇ. ಖಾಲಿಬಿದ್ದ ಹುದ್ದೆಗಳ ಭಾರವನ್ನೆಲ್ಲ ಹೊತ್ತ ಗುಮಾಸ್ತನೊಬ್ಬನನ್ನೇ ದಂಡಿಸುವುದೂ ನ್ಯಾಯವಲ್ಲ. ಆದುದರಿಂದ ತಿರಸ್ಕಾರದ ಕಾರಣವನ್ನೂ ಸಿಬ್ಬಂದಿಯ ಕೊರತೆಯನ್ನೂ ಮೇಲಿನವರು ಗಡುವಿನಷ್ಟೇ ಕಟ್ಟುನಿಟ್ಟಾಗಿ ವಿಚಾರಿಸಬೇಕು.

ಗೃಹಸ್ಥರ ಪಾಲಿನ ಕರ್ತವ್ಯವೂ ಉಂಟು. ಅರ್ಜಿಯನ್ನು ಕೊಟ್ಟೊಡನೆ ರಸೀದಿಯನ್ನು ಕೇಳಿ ಪಡೆಯಿರಿ. ಗಡುವಿನ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿರಿ. ದಿನ ಮೀರಿದರೆ, ಅಥವಾ ಅರ್ಜಿಯು ಅಕಾರಣವಾಗಿ ತಿರಸ್ಕೃತವಾದರೆ, ಸಕ್ಷಮ ಅಧಿಕಾರಿಗೆ ಮೇಲ್ಮನವಿಯನ್ನು ಬರೆಯಿರಿ. ಅಕ್ಷರ ಬಾರದ ನೆರೆಯವರಿದ್ದರೆ ಅವರ ಪರವಾಗಿ ನೀವೇ ಬರೆದುಕೊಡಿರಿ. ಕೇಳುವವರಿಲ್ಲದ ಶಾಸನವು ಪೆಟ್ಟಿಗೆಯಲ್ಲಿಟ್ಟ ದೀಪದಂತೆ ಯಾರ ದಾರಿಯನ್ನೂ ಬೆಳಗಲಾರದು.